ಓದುಗರ ಪ್ರಶ್ನೆ, ನಮ್ಮ ಉತ್ತರ: ಬಝರ್‌ಬೀಟರ್ ಆಟದಲ್ಲಿ ಎಳೆಯರ ತರಬೇತಿ

ಹಾಕಿಯ ನಾಡಿನಿಂದ ಬಾಸ್ಕೆಟ್‌ಬಾಲ್ ಬಗ್ಗೆ, ಅದೂ ಕಂಪ್ಯೂಟರ್ ಬಾಸ್ಕೆಟ್‌ಬಾಲ್ ಬಗ್ಗೆ, ಇಷ್ಟು ಪತ್ರ ಬಂದದ್ದು ಸಂತೋಷ. ಎಲ್ಲ ಪತ್ರಗಳೂ ಬಝರ್‌ಬೀಟರ್ ಎಂಬ ಆಟದ ಬಗ್ಗೆಯೇ. ಗೊತ್ತಿಲ್ಲದವರಿಗೆ ಎರಡು ಮಾತು: 2007ರಿಂದ ನಡೆಯುತ್ತಿರುವ ಈ ಆಟದಲ್ಲಿ ಚೆಂಡು ನಿಮ್ಮ ಕೈಗೆ ಬರುವುದಿಲ್ಲ. ನೀವು ತಂಡದ ಮ್ಯಾನೇಜರ್. ಯಾರು ಎಲ್ಲಿ ಆಡಬೇಕು, ಯಾರನ್ನು ಕೊಳ್ಳಬೇಕು, ವಾರದ ತರಬೇತಿ ಯಾವುದು ಎಂದು ತೀರ್ಮಾನಿಸುವುದಷ್ಟೇ ನಿಮ್ಮ ಕೆಲಸ. ಪಂದ್ಯವನ್ನು ಸರ್ವರ್ ಆಡಿಸುತ್ತದೆ. ಅಂಗಳದಲ್ಲಿ ಐದು ಜಾಗ: ಪಾಯಿಂಟ್ ಗಾರ್ಡ್, ಶೂಟಿಂಗ್ ಗಾರ್ಡ್, ಸ್ಮಾಲ್ ಫಾರ್ವರ್ಡ್, ಪವರ್ ಫಾರ್ವರ್ಡ್, ಸೆಂಟರ್. ಪಾಸಿಂಗ್, ರಿಬೌಂಡಿಂಗ್‌ನಂಥ ಒಂದೊಂದು ಕೌಶಲಕ್ಕೂ ಆಟಗಾರನಿಗೆ ಒಂದು ಅಂಕಿ; ತರಬೇತಿ ಫಲಿಸಿದರೆ ಅದು ಒಂದು ಮೆಟ್ಟಿಲು ಏರುತ್ತದೆ. ಈ ಸಲ ತರಬೇತಿಗೆ ಸಂಬಂಧಿಸಿದ ಪ್ರಶ್ನೆಗಳನ್ನು ಮಾತ್ರ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನನ್ನ 19 ವರ್ಷದ ಗಾರ್ಡ್ ವಾರದ ಮೂರೂ ಪಂದ್ಯ ಆಡುತ್ತಾನೆ. ಪಾಸಿಂಗ್ ತರಬೇತಿ ಇಟ್ಟು ನಾಲ್ಕು ವಾರವಾಯಿತು, ಒಂದು ಮೆಟ್ಟಿಲೂ ಏರಿಲ್ಲ. ಆಟದಲ್ಲೇ ಏನೋ ದೋಷ ಇದೆಯಾ?
(ವಿದ್ಯಾರ್ಥಿ, ಪೊನ್ನಂಪೇಟೆ)

ಉತ್ತರ: ದೋಷ ಆಟದ್ದಲ್ಲ. ನೀವು ಕಳಿಸಿದ ಅಂಕಪಟ್ಟಿಯಲ್ಲೇ ಕಾರಣ ಇದೆ. ಶನಿವಾರದ ಲೀಗ್ ಪಂದ್ಯದಲ್ಲಿ ಹುಡುಗ ಶೂಟಿಂಗ್ ಗಾರ್ಡ್ ಜಾಗದಲ್ಲಿ 17 ನಿಮಿಷ, ಮಂಗಳವಾರ ಸ್ಮಾಲ್ ಫಾರ್ವರ್ಡ್ ಆಗಿ 14 ನಿಮಿಷ, ಮೂರನೇ ಪಂದ್ಯದಲ್ಲಿ ಪಾಯಿಂಟ್ ಗಾರ್ಡ್ ಆಗಿ 22 ನಿಮಿಷ ಆಡಿದ್ದಾನೆ. ಒಟ್ಟು 53. ನೋಡಲು ಧಾರಾಳವಾಗಿಯೇ ಇದೆ. ಆದರೆ ನೀವು ಇಟ್ಟದ್ದು ಪಾಯಿಂಟ್ ಗಾರ್ಡ್ ಒಂದೇ ಜಾಗದ ಪಾಸಿಂಗ್ ತರಬೇತಿ. ಅದರ ಲೆಕ್ಕಕ್ಕೆ ಸಿಗುವುದು ಆ ಜಾಗದಲ್ಲಿ ಆಡಿದ 22 ನಿಮಿಷ ಮಾತ್ರ. ಪೂರ್ತಿ ಫಲ ಸಿಗಬೇಕಾದರೆ 48 ನಿಮಿಷ ಬೇಕು. ನಿಮ್ಮ ಹುಡುಗ ಅರ್ಧವನ್ನೂ ಮುಟ್ಟಿಲ್ಲ.

ಆಟಗಾರನ ಪುಟದಲ್ಲಿ ಅವನ ಹೆಸರಿನ ಮುಂದೆ ಯಾವ ಸ್ಥಾನ ಬರೆದಿದೆ ಎಂಬುದಕ್ಕೆ ತರಬೇತಿಯಲ್ಲಿ ಬೆಲೆಯೇ ಇಲ್ಲ. ಅಂಗಳದಲ್ಲಿ ಯಾವ ಜಾಗದಲ್ಲಿ ನಿಂತ ಎಂಬುದೊಂದೇ ಮುಖ್ಯ. ಹಾಗಾಗಿ ಅವನಿಗೆ ಮೂರು ಪಂದ್ಯದಲ್ಲಿ ಚೂರು ಚೂರು ಕೊಡುವ ಬದಲು ಒಂದು ಪಂದ್ಯವನ್ನು ಪಾಯಿಂಟ್ ಗಾರ್ಡ್ ಜಾಗದಲ್ಲಿ ಮೊದಲಿನಿಂದ ಕೊನೆಯವರೆಗೆ ಆಡಿಸಿ. ಈ ಆಟದ ಪಂದ್ಯ 48 ನಿಮಿಷದ್ದು, ಅಂದರೆ 12 ನಿಮಿಷದ ನಾಲ್ಕು ಕ್ವಾರ್ಟರ್. ಒಂದು ಪೂರ್ತಿ ಪಂದ್ಯಕ್ಕೆ ವಾರದ ಕೋಟಾ ಸರಿಯಾಗಿ ಮುಗಿಯುತ್ತದೆ.

ಇನ್ನೊಂದು ವಿಷಯ. ಪುಟದಲ್ಲಿ ಕಾಣುವುದು ಪೂರ್ಣಾಂಕ ಮಾತ್ರ. ದಶಾಂಶವನ್ನು ಆಟ ಬಚ್ಚಿಟ್ಟುಕೊಂಡಿರುತ್ತದೆ. ಹುಡುಗನ ಪಾಸಿಂಗ್ ಒಳಗೊಳಗೆ 5.1 ಇದ್ದು ವಾರಕ್ಕೆ ಕಾಲು ಭಾಗದಂತೆ ಏರುತ್ತಿದೆ ಎಂದಿಟ್ಟುಕೊಳ್ಳಿ. 6 ಕಣ್ಣಿಗೆ ಬೀಳಲು ನಾಲ್ಕು ವಾರ ಬೇಕು. ಅದೇ 5.8ರಿಂದ ಶುರುವಾಗಿದ್ದರೆ ಮೊದಲ ಶುಕ್ರವಾರವೇ (ತರಬೇತಿ ಲೆಕ್ಕವಾಗುವ ದಿನ) 6. ಎರಡು ವಾರ ಏರಲಿಲ್ಲ ಎಂದು ತರಬೇತಿ ಬದಲಾಯಿಸುವವರು ಈ ಬಚ್ಚಿಟ್ಟ ದಶಾಂಶಗಳನ್ನು ಹತ್ತು ಕಡೆ ಚೆಲ್ಲಿ ಕೂರುತ್ತಾರೆ. ಚೆಲ್ಲಿದ್ದು ಕಳೆದುಹೋಗುವುದಿಲ್ಲ, ನಿಜ. ಆದರೆ ಬೇಕಾದ ಹೊತ್ತಿಗೆ ಬೇಕಾದ ಕೌಶಲ ಕೈಗೆ ಬಂದಿರುವುದಿಲ್ಲ.

ಪ್ರಶ್ನೆ: ಒಟ್ಟಿಗೆ ಎಷ್ಟು ಹುಡುಗರನ್ನು ಬೆಳೆಸಬಹುದು? ನನ್ನ ಹತ್ತಿರ 18-19ರ ಎಂಟು ಜನ ಇದ್ದಾರೆ.
(ಓದುಗರು, ಸೋಮವಾರಪೇಟೆ)

ಉತ್ತರ: ಎಂಟು ಜಾಸ್ತಿ. ಒಂದು ಜಾಗಕ್ಕೆ ಪಂದ್ಯಕ್ಕೆ 48 ನಿಮಿಷದಂತೆ ವಾರದ ಮೂರು ಪಂದ್ಯಕ್ಕೆ 144 ನಿಮಿಷ. ಅದನ್ನು 48ರಿಂದ ಭಾಗಿಸಿದರೆ ಮೂರು ಜನ. ಎರಡು ಜಾಗದ ತರಬೇತಿ ಇಟ್ಟರೆ 288 ನಿಮಿಷ, ಆರು ಜನ. ಹೆಚ್ಚು ಜಾಗ ಸೇರಿಸಿದಷ್ಟೂ ಒಬ್ಬೊಬ್ಬನಿಗೆ ಸಿಗುವ ಬೆಳವಣಿಗೆ ಕಡಿಮೆಯಾಗುತ್ತಾ ಹೋಗುತ್ತದೆ. ಪಾಸಿಂಗ್ ತರಬೇತಿಯನ್ನು ಪಾಯಿಂಟ್ ಗಾರ್ಡ್‌ಗೆ ಮಾತ್ರ ಇಟ್ಟಾಗ ಹುಡುಗ ಏರುವ ವೇಗ, ಅದನ್ನೇ ಇಡೀ ತಂಡಕ್ಕೆ ಹಂಚಿದಾಗ ಇರುವುದಿಲ್ಲ. ಒನ್-ಆನ್-ಒನ್‌ನಂಥ ಕೆಲವು ತರಬೇತಿಗಳನ್ನು ಒಂದೇ ಜಾಗಕ್ಕೆ ಇಡಲು ಬರುವುದಿಲ್ಲ; ಗಾರ್ಡ್‌ಗಳ ಜೋಡಿ ಅಥವಾ ಫಾರ್ವರ್ಡ್‌ಗಳ ಜೋಡಿ ಎಂದು ಆರಿಸಬೇಕು.

ನಮ್ಮ ಸಲಹೆ: ಮೂವರನ್ನು ಇಟ್ಟುಕೊಳ್ಳಿ. ಮೂವರೂ ಒಂದೇ ಬಗೆಯವರಾಗಿರಲಿ, ಅಂದರೆ ಮೂವರೂ ಗಾರ್ಡ್ ಅಥವಾ ಮೂವರೂ ಎತ್ತರದವರು. ಒಬ್ಬ ಗಾರ್ಡ್, ಒಬ್ಬ ಸೆಂಟರ್, ಒಬ್ಬ ನಡುವಿನವ ಎಂದು ಇಟ್ಟುಕೊಂಡರೆ ಯಾವ ತರಬೇತಿ ಇಟ್ಟರೂ ಇಬ್ಬರಿಗೆ ಹೊಂದುವುದಿಲ್ಲ. ಉಳಿದ ಐವರನ್ನು ಮಾರಿಬಿಡಿ. ಕೂತು ಬೆಂಚು ಕಾಯುವ 18ರ ಹುಡುಗನ ಬೆಲೆ ವಾರ ವಾರಕ್ಕೂ ಇಳಿಯುತ್ತದೆ. ಒಂದು ಎಚ್ಚರಿಕೆ: ಕೊಂಡ ಕೂಡಲೇ ಮಾರಿದರೆ ಮಾರಾಟದ ಹಣದಲ್ಲಿ ನಿಮ್ಮ ಪಾಲು ಕಡಿಮೆ, ತಂಡದಲ್ಲಿ ಹೆಚ್ಚು ಕಾಲ ಇದ್ದವನನ್ನು ಮಾರಿದಾಗ ಪಾಲು ಹೆಚ್ಚು. ಮಾರುವ ಸಾಲಿನಲ್ಲಿ ಹಳಬರನ್ನು ಮುಂದೆ ನಿಲ್ಲಿಸಿ.

ಪ್ರಶ್ನೆ: ಪೂರ್ತಿ ಪಂದ್ಯ ಆಡಿಸಲೆಂದೇ ಹಾಕಿದ್ದೆ. ಆಡಿದ್ದು 31 ನಿಮಿಷ. ಯಾರು ಹೊರಗೆ ಕರೆದರು?
(ಓದುಗರು, ಗೋಣಿಕೊಪ್ಪ)

ಉತ್ತರ: ನಿಮ್ಮ ಕೋಚೇ ಕರೆದದ್ದು. ಲೈನ್-ಅಪ್ ಪುಟದಲ್ಲಿ ಬದಲಿ ಆಟಗಾರರ ನಿರ್ಧಾರವನ್ನು ಕೋಚ್‌ಗೆ ಬಿಟ್ಟಿದ್ದೀರಿ. ಹಾಗೆ ಬಿಟ್ಟರೆ ದಣಿದವನನ್ನು ಕೂರಿಸುತ್ತಾನೆ. ಅಂಕದ ಅಂತರ ತುಂಬಾ ಹೆಚ್ಚಿದಾಗ ಮೊದಲ ಐವರನ್ನು ತೆಗೆದು ಬೆಂಚಿನವರನ್ನು ಇಳಿಸುತ್ತಾನೆ. ನಿಮ್ಮ ಪಂದ್ಯದಲ್ಲಿ ಆದದ್ದು ಎರಡನೆಯದು: ಕೊನೆಯ ಕ್ವಾರ್ಟರ್‌ಗೆ ಬಂದಾಗ 30 ಅಂಕದ ಅಂತರ ಇತ್ತು. ಲೈನ್-ಅಪ್ ಪುಟದಲ್ಲಿ ಡೆಪ್ತ್ ಚಾರ್ಟನ್ನು (ಒಂದೊಂದು ಜಾಗಕ್ಕೆ ಯಾರ ನಂತರ ಯಾರು ಎಂಬ ಪಟ್ಟಿ) ಕಟ್ಟುನಿಟ್ಟಾಗಿ ಪಾಲಿಸು ಎಂಬ ಆಯ್ಕೆ ಇದೆ. ಅದನ್ನು ಒತ್ತಿ, ಆ ಜಾಗದ ಸ್ಟಾರ್ಟರ್, ಬ್ಯಾಕಪ್, ರಿಸರ್ವ್ ಮೂರೂ ಕಡೆ ಅದೇ ಹುಡುಗನ ಹೆಸರು ಹಾಕಿ.

ಇಷ್ಟು ಮಾಡಿದರೂ ಎರಡು ಕಾರಣಕ್ಕೆ ನಿಮಿಷ ಕೈಜಾರಬಹುದು. ಒಂದು, ಗಾಯ. ಎರಡು, ಫೌಲ್. ಇಲ್ಲಿ ಆರನೇ ಫೌಲಿಗೆ ಆಟಗಾರ ಹೊರಗೆ. ನಮ್ಮ ಕಾಲೇಜು ಪಂದ್ಯಗಳ ಐದು ಫೌಲಿನ ಲೆಕ್ಕ ಇಲ್ಲಿಲ್ಲ. ಇದಕ್ಕೆ ಪರಿಹಾರ ಲೈನ್-ಅಪ್ಪಿನಲ್ಲಿ ಇಲ್ಲ, ವಾರದ ಹಂಚಿಕೆಯಲ್ಲಿದೆ. ತರಬೇತಿ ಲೆಕ್ಕವಾಗುವುದು ಶುಕ್ರವಾರ. ಆದ್ದರಿಂದ ವಾರ ಶುರುವಾಗುವುದು ಶನಿವಾರದ ಲೀಗ್ ಪಂದ್ಯದಿಂದ, ಆಮೇಲೆ ಮಂಗಳವಾರದ ಲೀಗ್, ಕೊನೆಗೆ ಫ್ರೆಂಡ್ಲಿ (ಲೀಗಿನ ಲೆಕ್ಕಕ್ಕೆ ಬಾರದ ಅಭ್ಯಾಸ ಪಂದ್ಯ) ಅಥವಾ ಕಪ್ ಪಂದ್ಯ. ಶನಿವಾರ ಫೌಲಾಗಿ 39 ನಿಮಿಷಕ್ಕೇ ಹೊರಬಂದವನಿಗೆ ಬಾಕಿ 9 ನಿಮಿಷವನ್ನು ಆ ಕೊನೆಯ ಪಂದ್ಯದಲ್ಲಿ ತುಂಬಿಸಬೇಕು. ಆ ಪಂದ್ಯದ ಸ್ಟಾರ್ಟರ್ ಜಾಗ ಮೂರನೇ ಹುಡುಗನಿಗೆ ಮೀಸಲು. ಬ್ಯಾಕಪ್ ಜಾಗದಲ್ಲಿ ಈ ಹುಡುಗನ ಹೆಸರು ಹಾಕಿ. ಮೂರನೆಯವನಿಗೆ ಕೆಲವು ನಿಮಿಷ ಖೋತಾ ಆಗುತ್ತದೆ, ಆಗಲಿ. ಒಬ್ಬ 39ರಲ್ಲಿ ನಿಂತು ಇನ್ನೊಬ್ಬ 48 ಆಡುವುದಕ್ಕಿಂತ ಇಬ್ಬರೂ 43-44ರ ಆಸುಪಾಸಿನಲ್ಲಿ ಇರುವುದು ಕೆಟ್ಟದ್ದಲ್ಲ, ಆದರೆ ಇಬ್ಬರಲ್ಲಿ ಯಾರು ಮುಖ್ಯ ಎಂದು ನೀವು ಮೊದಲೇ ನಿರ್ಧರಿಸಿದ್ದರೆ ಅವನಿಗೇ 48 ಕೊಡಿ.

ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಅನುಕೂಲ ಇದೆ. ಶುಕ್ರವಾರದ ಲೆಕ್ಕದ ಹೊತ್ತಿಗೆ ಯಾವ ತರಬೇತಿ ಆಯ್ಕೆಯಾಗಿದೆಯೋ ಅದೇ ಲಾಗು. ವಾರದ ಆರಂಭದಲ್ಲೇ ಆಣೆ ಮಾಡಬೇಕಾಗಿಲ್ಲ. ಮೂರೂ ಪಂದ್ಯ ಮುಗಿದ ಮೇಲೆ ನಿಮಿಷಗಳನ್ನು ಎದುರಿಗಿಟ್ಟುಕೊಂಡು ಯಾವ ತರಬೇತಿಗೆ ಅವು ಹೊಂದುತ್ತವೆ ನೋಡಿ. ಮುಖ್ಯ ಹುಡುಗನಿಗೆ ಶನಿವಾರವೇ ಗಾಯವಾಗಿ ಉಳಿದವರ ನಿಮಿಷ ಜಾಗ ಜಾಗಕ್ಕೆ ಹರಿದುಹೋಗಿದ್ದರೆ ಆ ವಾರ ಸ್ಟ್ಯಾಮಿನಾ ಅಥವಾ ಫ್ರೀ ಥ್ರೋ ಇಡಿ. ಇವು ಇಡೀ ತಂಡದ ತರಬೇತಿಗಳು, ಜಾಗದ ಹಂಗಿಲ್ಲ.

ಪ್ರಶ್ನೆ: ನನ್ನ ಸೆಂಟರ್ ಹುಡುಗನಿಗೆ ಪಾಸಿಂಗ್, ಔಟ್‌ಸೈಡ್ ಡಿಫೆನ್ಸ್ ಕಲಿಸಲು ಪಾಯಿಂಟ್ ಗಾರ್ಡ್ ಜಾಗದಲ್ಲಿ ನಿಲ್ಲಿಸುತ್ತಿದ್ದೇನೆ. ಲೀಗಿನಲ್ಲಿ ಸೋಲಿನ ಮೇಲೆ ಸೋಲು. ತರಬೇತಿ ನಿಲ್ಲಿಸಲಾ, ಲೀಗ್ ಬಿಡಲಾ?
(ಓದುಗರು, ವಿರಾಜಪೇಟೆ)

ಉತ್ತರ: ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ. ಈ ಆಟದ ಗಮ್ಮತ್ತು ಇರುವುದೇ ಇಲ್ಲಿ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಎತ್ತರದ ಹುಡುಗನಿಗೆ ಗಾರ್ಡ್ ಕೌಶಲ ಕಲಿಸುವ ನಿಮ್ಮ ಯೋಚನೆ ಸರಿ. ಈ ಆಟದಲ್ಲಿ ಎತ್ತರ ಪಂದ್ಯದ ಫಲಿತಾಂಶಕ್ಕೆ ಬರುವುದೇ ಇಲ್ಲ. ತರಬೇತಿಯ ವೇಗಕ್ಕೆ ಮಾತ್ರ ಬರುತ್ತದೆ. ಎತ್ತರದವನಿಗೆ ಇನ್‌ಸೈಡ್ ಶಾಟ್, ಇನ್‌ಸೈಡ್ ಡಿಫೆನ್ಸ್, ರಿಬೌಂಡಿಂಗ್, ಶಾಟ್ ಬ್ಲಾಕಿಂಗ್ ಬೇಗ ಹತ್ತುತ್ತವೆ; ಗಿಡ್ಡನಿಗೆ ಪಾಸಿಂಗ್, ಹ್ಯಾಂಡ್ಲಿಂಗ್, ಔಟ್‌ಸೈಡ್ ಡಿಫೆನ್ಸ್ ಬೇಗ ಹತ್ತುತ್ತವೆ. ವಯಸ್ಸು ಏರಿದಂತೆ ಎಲ್ಲವೂ ನಿಧಾನವಾಗುತ್ತವೆ. ಎರಡನ್ನೂ ಸೇರಿಸಿ ನೋಡಿದರೆ ಎತ್ತರದವನಿಗೆ ಒಲಿಯದ ಕೌಶಲಗಳನ್ನು 18, 19, 20ರಲ್ಲೇ ತುಂಬಿಬಿಡಬೇಕು. ರಿಬೌಂಡಿಂಗ್ ಅವನಿಗೆ 22ರಲ್ಲೂ ಬರುತ್ತದೆ. ಮೊದಲು ರಿಬೌಂಡಿಂಗ್ ತುಂಬಿ ಆಮೇಲೆ ಪಾಸಿಂಗ್ ಎಂದವರು ಪಾಸಿಂಗನ್ನು ಕೊನೆಗೂ ಕಾಣುವುದಿಲ್ಲ.

ಆದರೆ ಮೂವರು ಸೆಂಟರ್‌ಗಳನ್ನು ಮೂರು ಪಂದ್ಯದಲ್ಲಿ ಒಬ್ಬೊಬ್ಬರನ್ನಾಗಿ ಪಾಯಿಂಟ್ ಗಾರ್ಡ್ ಮಾಡುತ್ತಾ ಹೋದರೆ ಎರಡೂ ಲೀಗ್ ಪಂದ್ಯ ಪೆಟ್ಟು ತಿನ್ನುತ್ತವೆ. ಚೆಂಡು ಹೆಚ್ಚು ಹೊತ್ತು ಇರುವುದೇ ಆ ಜಾಗದವನ ಕೈಯಲ್ಲಿ. ಹ್ಯಾಂಡ್ಲಿಂಗ್ 3, ಪಾಸಿಂಗ್ 4 ಇರುವವನನ್ನು ಅಲ್ಲಿ ನಿಲ್ಲಿಸಿದರೆ ಟರ್ನ್‌ಓವರ್ (ಚೆಂಡನ್ನು ಎದುರಾಳಿಗೆ ಕಳೆದುಕೊಳ್ಳುವುದು) ಎಣಿಸಲು ಕೈಬೆರಳು ಸಾಲದು. ಮೂವರ ಬದಲು ಇಬ್ಬರನ್ನೇ ಬೆಳೆಸಿ. ಫ್ರೆಂಡ್ಲಿ ಪಂದ್ಯ ಒಬ್ಬನಿಗೆ, ಎರಡು ಲೀಗ್ ಪಂದ್ಯಗಳಲ್ಲಿ ಸುಲಭದ ಎದುರಾಳಿ ಯಾರೋ ಅವರ ಪಂದ್ಯ ಇನ್ನೊಬ್ಬನಿಗೆ. ಕಠಿಣ ಪಂದ್ಯಕ್ಕೆ ನಿಜವಾದ ಗಾರ್ಡನ್ನು ಇಳಿಸಿ. ವೇಳಾಪಟ್ಟಿ ಮೊದಲೇ ಕಾಣುವುದರಿಂದ ಇದನ್ನು ತಿಂಗಳ ಮುಂಚೆಯೇ ಗುರುತು ಹಾಕಿಕೊಳ್ಳಬಹುದು. ಮೂರನೆಯ ಹುಡುಗನ ಪಾಲಿನ 48 ನಿಮಿಷ ತರಬೇತಿಯ ಲೆಕ್ಕದಲ್ಲಿ ದಂಡ, ನಿಜ. ಆದರೆ ಕೆಳಗಿನ ಲೀಗಿಗೆ ಇಳಿದರೆ ಟಿಕೆಟ್ ಆದಾಯಕ್ಕೆ ಬೀಳುವ ಪೆಟ್ಟು ಇದಕ್ಕಿಂತ ದೊಡ್ಡದು.

ಲೀಗಿನ ಋತು 14 ವಾರ, ಅದರಲ್ಲಿ ಲೀಗ್ ಪಂದ್ಯ 22. ಉಳಿದ ವಾರಗಳಲ್ಲಿ ಪ್ಲೇಆಫ್‌ಗೆ ಹೋಗದ ತಂಡಕ್ಕೆ ಗೆಲುವಿನ ಚಿಂತೆ ಇರುವುದಿಲ್ಲ. ಎತ್ತರದವರಿಗೆ ಅತಿ ಕಷ್ಟದ ತರಬೇತಿ, ಅಂದರೆ ಔಟ್‌ಸೈಡ್ ಡಿಫೆನ್ಸ್ ಬೆಳೆಸುವ ಪ್ರೆಷರ್ ತರಬೇತಿಯನ್ನು, ಆ ವಾರಗಳಿಗೆ ಮೀಸಲಿಡಿ. ಒಂದು ಮಾತು: ಲೀಗ್ ಪಂದ್ಯ ಇಲ್ಲದ ದಿನ ಫ್ರೆಂಡ್ಲಿ ಗೊತ್ತುಮಾಡಿಕೊಳ್ಳಲು ಮರೆತರೆ ಆ ನಿಮಿಷಗಳು ಪೂರ್ತಿ ಹೋಯಿತು. ಕಪ್‌ನಿಂದ ಹೊರಬಿದ್ದ ದಿನವೇ ಮುಂದಿನ ವಾರದ ಫ್ರೆಂಡ್ಲಿಗೆ ಆಹ್ವಾನ ಕಳಿಸಿ.

ಪ್ರಶ್ನೆ: ಹುಡುಗನನ್ನು ಎರಡು ಪಂದ್ಯ ಪೂರ್ತಿ ಆಡಿಸಿದರೆ ಇಮ್ಮಡಿ ಬೆಳೆಯುತ್ತಾನಾ?
(ಓದುಗರು, ಸುಂಟಿಕೊಪ್ಪ)

ಉತ್ತರ: ಇಲ್ಲ. 48ರಾಚೆ ತರಬೇತಿಗೆ ಏನೂ ಸಿಗುವುದಿಲ್ಲ. 96 ನಿಮಿಷ ಆಡಿಸಿದರೆ ಗೇಮ್ ಶೇಪ್, ಅಂದರೆ ಆಟಗಾರನ ಮೈಯ ಹದ, ಕುಸಿಯುತ್ತದೆ, ಶೇಪ್ ಕುಸಿದವನು ಇದ್ದ ಕೌಶಲವನ್ನೂ ಪಂದ್ಯದಲ್ಲಿ ತೋರಿಸುವುದಿಲ್ಲ. 50ರಿಂದ 70 ನಿಮಿಷದ ಒಳಗೆ ಇಟ್ಟರೆ ಸಾಮಾನ್ಯವಾಗಿ ಶೇಪ್ ಚೆನ್ನಾಗಿರುತ್ತದೆ. ತೀರಾ ಕಡಿಮೆ ಆಡಿದರೂ ಇಳಿಯುತ್ತದೆ. ತರಬೇತಿಯ ಜಾಗದಲ್ಲಿ 48 ಮುಗಿದ ಮೇಲೆ ಬೇರೆ ಪಂದ್ಯದಲ್ಲಿ ಅವನದೇ ಸಹಜ ಜಾಗದಲ್ಲಿ ಹತ್ತು-ಹದಿನೈದು ನಿಮಿಷ ಬ್ಯಾಕಪ್ ಆಗಿ ಆಡಿಸಿ, ಅಷ್ಟು ಸಾಕು.

ಪ್ರಶ್ನೆ: ಮಾರುಕಟ್ಟೆಯಲ್ಲಿ ನೂರಾರು ಹುಡುಗರು. ಕೊಳ್ಳುವಾಗ ಏನು ನೋಡಬೇಕು?
(ಓದುಗರು, ಮಡಿಕೇರಿ)

ಉತ್ತರ: ಮೊದಲು ಕ್ಯಾಲೆಂಡರ್ ನೋಡಿ. ಋತು ಮುಗಿದಾಗ ಎಲ್ಲ ಆಟಗಾರರಿಗೂ ಒಂದು ವರ್ಷ ಕೂಡುತ್ತದೆ. 13ನೇ ವಾರ ಕೊಂಡ 18ರ ಹುಡುಗ ಇನ್ನೆರಡು ವಾರಕ್ಕೆ 19. ಅದೇ ಹುಡುಗನನ್ನು ಋತುವಿನ ಆರಂಭದಲ್ಲಿ ಕೊಂಡಿದ್ದರೆ ಅತಿ ವೇಗದ ವಯಸ್ಸಿನಲ್ಲಿ ಒಂದು ಇಡೀ ಋತುವಿನ ತರಬೇತಿ ಸಿಗುತ್ತಿತ್ತು. ಕೊನೆಯ ವಾರಗಳಲ್ಲಿ 18ರವರಿಗೆ 18ರ ಬೆಲೆ ಕೊಡಬೇಡಿ, 19ರ ಬೆಲೆ ಕೊಡಿ.

ಆಮೇಲೆ ಪೊಟೆನ್ಷಿಯಲ್, ಅಂದರೆ ಹುಡುಗ ಎಷ್ಟರ ಮಟ್ಟಿಗೆ ಬೆಳೆಯಬಲ್ಲ ಎಂಬ ಮಿತಿ. ಕೆಳಗಿನಿಂದ ಮೇಲಕ್ಕೆ ಅನೌನ್ಸರ್, ಬೆಂಚ್ ವಾರ್ಮರ್, ರೋಲ್ ಪ್ಲೇಯರ್, ಸಿಕ್ಸ್ತ್ ಮ್ಯಾನ್, ಸ್ಟಾರ್ಟರ್, ಸ್ಟಾರ್, ಆಲ್‌ಸ್ಟಾರ್, ಪೆರೆನಿಯಲ್ ಆಲ್‌ಸ್ಟಾರ್, ಸೂಪರ್‌ಸ್ಟಾರ್, ಎಂವಿಪಿ, ಹಾಲ್ ಆಫ್ ಫೇಮರ್, ಆಲ್‌ಟೈಮ್ ಗ್ರೇಟ್. ಹೊಸಬರು ಕೊನೆಯ ಎರಡು ಹೆಸರು ಕಂಡ ಕೂಡಲೇ ಗಲ್ಲಾಪೆಟ್ಟಿಗೆ ಬರಿದು ಮಾಡಿಕೊಳ್ಳುತ್ತಾರೆ. ಅದು ಅನಗತ್ಯ. ಅಷ್ಟು ಎತ್ತರಕ್ಕೆ ಹುಡುಗನನ್ನು ಒಯ್ಯಲು ಹಲವು ಋತುಗಳ ಶಿಸ್ತಿನ ತರಬೇತಿ ಬೇಕು. ಕೆಳ ಲೀಗಿನ ತಂಡಕ್ಕೆ ಆಲ್‌ಸ್ಟಾರ್, ಪೆರೆನಿಯಲ್ ಆಲ್‌ಸ್ಟಾರ್ ಧಾರಾಳ ಸಾಕು.

ಕೌಶಲ ನೋಡುವಾಗ ಒಂದು ಕಡೆ 9 ಇದ್ದು ಉಳಿದೆಲ್ಲ 2-3 ಇರುವವನಿಗಿಂತ ಎಲ್ಲೆಡೆ 5-6 ಇರುವವನು ಮೇಲು. ಸಂಬಂಧಿತ ಕೌಶಲ ತೀರಾ ಹಿಂದೆ ಬಿದ್ದಿದ್ದರೆ ಮುಂದಿನದು ನಿಧಾನವಾಗುತ್ತದೆ ಎಂಬುದು ಹಳೆಯ ಆಟಗಾರರೆಲ್ಲರ ಅನುಭವ: ಹ್ಯಾಂಡ್ಲಿಂಗ್ (ಚೆಂಡಿನ ಮೇಲಿನ ಹಿಡಿತ) ಕುಂಟುತ್ತಿದ್ದರೆ ಡ್ರೈವಿಂಗೂ (ಚೆಂಡಿನೊಂದಿಗೆ ಬುಟ್ಟಿಯತ್ತ ನುಗ್ಗುವುದು) ಕುಂಟುತ್ತದೆ. ಎತ್ತರದ ವಿಷಯ ಮೇಲೆಯೇ ಹೇಳಿದೆವು. 190 ಸೆಂಟಿಮೀಟರಿನವನನ್ನು ಸೆಂಟರ್ ಮಾಡಲು ಹೊರಡಬೇಡಿ, ಆಗುತ್ತದೆ, ಆದರೆ ಅವನು ತಯಾರಾಗುವ ಹೊತ್ತಿಗೆ ಮುದುಕನಾಗಿರುತ್ತಾನೆ.

ಹಣ ಉಳಿದರೆ ಆಟಗಾರನ ಮೇಲೆ ಸುರಿಯದೆ ತರಬೇತುದಾರನ ಮಟ್ಟ ಏರಿಸಿ. ಅವನ ಪ್ರಭಾವ ಮೂವರ ಮೇಲೂ ಬೀಳುತ್ತದೆ. ಅವನ ಸಂಬಳ ವಾರ ವಾರ ಏರುತ್ತಾ ಹೋಗುವುದರಿಂದ ಹರಾಜಿನಲ್ಲಿ ಕೂಗುವಾಗ ಇಂದಿನ ಸಂಬಳ ಒಂದನ್ನೇ ನೋಡಬೇಡಿ.

ಪ್ರಶ್ನೆ: 22ರ ಹುಡುಗ. ವಾರ ವಾರ ಸರಿಯಾಗಿ 48 ನಿಮಿಷ. ಎರಡು ತಿಂಗಳಿಂದ ಕಲ್ಲಿನ ಹಾಗೆ ನಿಂತಿದ್ದಾನೆ. ಪೊಟೆನ್ಷಿಯಲ್ ಸ್ಟಾರ್ಟರ್.
(ಓದುಗರು, ಕುಶಾಲನಗರ)

ಉತ್ತರ: ಅವನ ಮಿತಿ ಬಂದಿದೆ. ಪೊಟೆನ್ಷಿಯಲ್ ಒಂದೊಂದು ಕೌಶಲಕ್ಕೆ ಹಾಕಿದ ಬೀಗವಲ್ಲ. ಎಲ್ಲ ಕೌಶಲಗಳನ್ನು ಸ್ಥಾನಕ್ಕೆ ತಕ್ಕ ತೂಕದಲ್ಲಿ ಕೂಡಿದ ಮೊತ್ತಕ್ಕೆ ಹಾಕಿದ ಗೆರೆ. ಗೆರೆ ಮುಟ್ಟಿದ ಮೇಲೆ ಬೆಳವಣಿಗೆ ಪೂರ್ತಿ ನಿಲ್ಲುವುದಿಲ್ಲ, ತೆವಳುತ್ತದೆ. ಆ ತೆವಳುವಿಕೆಗೆ ನಿಮ್ಮ ಅಮೂಲ್ಯ 48 ನಿಮಿಷ ಕೊಡುವುದು ಲಾಭದ ಬಾಬಲ್ಲ. ಅವನನ್ನು ಆಡಲು ಇಟ್ಟುಕೊಳ್ಳಿ ಅಥವಾ ಮಾರಿ, ತರಬೇತಿಯ ಜಾಗಕ್ಕೆ ಕಿರಿಯನನ್ನು ತನ್ನಿ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ಇಲ್ಲ, ಟವರೂ ಇಲ್ಲ. ಮೂರು ದಿನ ಲಾಗಿನ್ ಆಗದಿದ್ದರೆ ತಂಡ ಏನಾಗುತ್ತದೆ?
(ಓದುಗರು, ನಾಪೋಕ್ಲು)

ಉತ್ತರ: ಮುಳುಗುವುದಿಲ್ಲ. ಮುಂದಿನ ಪಂದ್ಯಗಳಿಗೆ ಲೈನ್-ಅಪ್ ಮುಂಚಿತವಾಗಿ ಹಾಕಿಡಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಗ್ನಲ್ ಸಿಕ್ಕ ದಿನವೇ ಮೂರು ಪಂದ್ಯದ್ದನ್ನೂ ಹಾಕುವುದು ಅಭ್ಯಾಸವಾಗಲಿ. ತರಬೇತಿಯ ಆಯ್ಕೆ ನೀವು ಬದಲಾಯಿಸುವವರೆಗೆ ಹಾಗೇ ಮುಂದುವರಿಯುತ್ತದೆ. ತೊಂದರೆ ಆಗುವುದು ಅರ್ಧ ಕೆಲಸ ಮಾಡಿದಾಗ: ಹುಡುಗರನ್ನು ಸೆಂಟರ್ ಜಾಗಕ್ಕೆ ಸರಿಸಿ, ತರಬೇತಿಯನ್ನು ಪಾಯಿಂಟ್ ಗಾರ್ಡ್ ಪಾಸಿಂಗಿನಲ್ಲೇ ಬಿಟ್ಟು, ಅಷ್ಟರಲ್ಲಿ ಕರೆಂಟ್ ಹೋದರೆ ಆ ವಾರದ ಫಲ ಸೊನ್ನೆ. ಆದ್ದರಿಂದ ಮಳೆಗಾಲದಲ್ಲಿ ಮೊದಲು ತರಬೇತಿ ಬದಲಾಯಿಸಿ ಕೂಡಲೇ ಲೈನ್-ಅಪ್ ಹಾಕಿ, ಎರಡನ್ನೂ ಒಂದೇ ಕೂರುವಿಕೆಯಲ್ಲಿ ಮುಗಿಸಿ. ಮಳೆಯ ತಿಂಗಳುಗಳಲ್ಲಿ ತರಬೇತಿಯನ್ನು ಪದೇ ಪದೇ ಬದಲಾಯಿಸದೆ ಒಂದೇ ಜಾಗದಲ್ಲಿ ಎಂಟು-ಹತ್ತು ವಾರ ನಡೆಯುವ ಯೋಜನೆ ಇಟ್ಟುಕೊಳ್ಳುವುದು ಇನ್ನೂ ಒಳ್ಳೆಯದು.

ಪ್ರಶ್ನೆ: ಹೊಸ ಋತು ಶುರುವಾದ ದಿನ ನನ್ನ ಸೆಂಟರಿನ ಸಂಬಳ ಒಮ್ಮೆಲೇ ಹಾರಿದೆ. ತಂಡ ವಾರ ವಾರ ನಷ್ಟದಲ್ಲಿದೆ.
(ಓದುಗರು, ಸಿದ್ದಾಪುರ)

ಉತ್ತರ: ಸಂಬಳ ಪರಿಷ್ಕರಣೆ ಆಗುವುದು ಋತುವಿಗೆ ಒಂದೇ ಸಲ, ಆರಂಭದಲ್ಲಿ. ಕಳೆದ ಋತುವಿಡೀ ನೀವು ಇನ್‌ಸೈಡ್ ಶಾಟ್, ಇನ್‌ಸೈಡ್ ಡಿಫೆನ್ಸ್, ರಿಬೌಂಡಿಂಗ್ ಮೂರನ್ನೇ ಏರಿಸಿದಿರಿ. ಹಳೆಯ ಸಂಬಳದಲ್ಲೇ ಆಡಿದ, ಈಗ ಬಿಲ್ ಬಂತು. ಸೆಂಟರ್‌ಗೆ ಸಂಬಳ ಕಟ್ಟುವಾಗ ಆಟ ಮುಖ್ಯವಾಗಿ ನೋಡುವುದು ಆ ಮೂರನ್ನೇ. ಮೇಲಿನ ಹಂತಗಳಲ್ಲಿ ಒಂದೊಂದು ಮೆಟ್ಟಿಲಿಗೂ ಸಂಬಳ ಜಿಗಿಯುತ್ತದೆ. ಅದೇ ಹುಡುಗನಿಗೆ ಅರ್ಧ ಋತು ಪಾಸಿಂಗ್, ಹ್ಯಾಂಡ್ಲಿಂಗ್, ಔಟ್‌ಸೈಡ್ ಡಿಫೆನ್ಸ್ ತುಂಬಿದ್ದರೆ ಅಂಗಳದಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತಿದ್ದ, ಸಂಬಳ ಇಷ್ಟು ಹಾರುತ್ತಿರಲಿಲ್ಲ.

ಈಗ ಮಾಡಬೇಕಾದ್ದು: ಪ್ರತಿ ಸೋಮವಾರದ ಹಣಕಾಸಿನ ಲೆಕ್ಕದಲ್ಲಿ ಎಷ್ಟು ಕೊರತೆ ಬೀಳುತ್ತಿದೆ ಎಂದು ಬರೆದಿಡಿ. ಕೈಯಲ್ಲಿರುವ ಹಣವನ್ನು ಆ ಕೊರತೆಯಿಂದ ಭಾಗಿಸಿ, ಎಷ್ಟು ವಾರ ತಡೆಯಬಹುದು ಎಂದು ಗೊತ್ತಾಗುತ್ತದೆ. ಆರು ವಾರಕ್ಕಿಂತ ಕಡಿಮೆ ಬಂದರೆ ಅವನನ್ನು ಈಗಲೇ ಹರಾಜಿಗೆ ಇಡಿ. ಸಾಲಕ್ಕೆ ಬಿದ್ದು ತರಾತುರಿಯಲ್ಲಿ ಮಾರುವಾಗ ಕೇಳಿದ ಬೆಲೆ ಸಿಗುವುದಿಲ್ಲ. ಉಳಿಸಿಕೊಳ್ಳುವುದಾದರೆ ಈ ಋತುವಿನಲ್ಲಿ ಅವನಿಗೆ ಒಳಗಿನ ಕೌಶಲ ಯಾವುದೂ ಬೇಡ.